ಬೀಜ ಯಾರದು, ದೂರು ಯಾರಿಗೆ?

— ನಾಕೂ ಹೆಣ್ಣು! ನಿನ್ನ ಹೊಟ್ಟೇಲಿ ಗಂಡು ಅಂಬೋದೇ ಇಲ್ಲ ಕಣೇ! ಶುಕ್ರವಾರ ನಾಗಮಂಗಲಕ್ಕೆ ಹೋಗಿ ಇನ್ನೊಂದು ನಿಕಾ ಮಾಡ್ಕೊಂಡೇ ಬತ್ತೀನಿ!

ಶ್ರೀರಂಗಪಟ್ಟಣದ ಕೋಟೆಯೊಳಗೆ ಎತ್ತುಗಳಿಗೆ ಲಾಳ ಕಟ್ಟುವ ಪೀರ್ ಅಹಮದ್ ಕೂಗುತ್ತಿದ್ದದ್ದು ಬಾಗಿಲ ಗೋಣಿಪರದೆಗೆ. ಪರದೆಯ ಹಿಂದೆ ಹಸುಗೂಸನ್ನು ಎತ್ತಿಕೊಂಡು ನಿಂತಿದ್ದವಳು ಹೆಂಡತಿ ಅಕ್ಬರಿ ಬೇಗಂ. ಅಂಗಳದಲ್ಲಿ ಕೆಡವಿದ ಎತ್ತಿನ ಕೊಂಬು ಹಿಡಿದು ಕೂತಿದ್ದವನು ಎತ್ತಿನ ಯಜಮಾನ, ಬಾಲ್ಯದ ಗೆಳೆಯ ತೊಣ್ಣೂರಿನ ಚೌಡಯ್ಯ. ಅವನಿಗೂ ನ್ಯಾಯ ತಿಳಿಯಲಿ ಎಂದು ಗಂಡಹೆಂಡಿರ ಜಗಳ ಈ ದಿನ ಕನ್ನಡದಲ್ಲೇ ನಡೆದಿತ್ತು.

ಸವತಿ ಎಂದರೆ ಯಾವ ಹೆಂಗಸಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಅಕ್ಬರಿಗೂ ಉರಿಯಿತು. ಆದರೆ ಅತ್ತರೆ ಈ ಮನುಷ್ಯ ಇನ್ನಷ್ಟು ಹಿಗ್ಗುತ್ತಾನೆಂದು ಅವಳಿಗೆ ಗೊತ್ತಿತ್ತು.

— ಹೋಗಿ, ಯಾರು ಬ್ಯಾಡ ಅಂದ್ರು? ಅಂದಂಗೆ, ಹೆರಿಗೆ ಮಾಡ್ಸಿದ ಲೇಡಿ ಡಾಕ್ಟ್ರು ಒಂದು ಇಷ್ಯ ಹೇಳಿದ್ರು. ವಿಲಾಯ್ತೀಲಿ ಹೊಸದಾಗಿ ಕಂಡಿಡಿದವ್ರಂತೆ.

— ಹೊಸದೇನ್ ಬಂತು? ಹನಿಯಿಂದ ಶುರು, ಆಮ್ಯಾಕೆ ರಕ್ತದ ಗಂಟು, ಮಾಂಸ, ಮೂಳೆ... ಎಲ್ಲಾ ನಮ್ಮ ಕಿತಾಬಲ್ಲಿ ಸಾವಿರದ ಮುನ್ನೂರು ವರ್ಷದ ಹಿಂದೇನೇ ಬಂದೈತೆ!

— ನಮ್ಮೋರೂ ಅಂಗೇ ಕಣ್ಲಾ, ಎಂದ ಚೌಡಯ್ಯ. ಊರಿಗೆ ಮೋಟಾರು ಬಂದ ದಿವ್ಸ ನಮ್ಮ ಶಾನುಭೋಗ್ರು, ಇದು ನಮ್ಮ ಪುರಾಣದಲ್ಲಿತ್ತು ಅಂದ್ಬುಟ್ರು. ಮೊದ್ಲೇ ಹೇಳ್ಬಾರ್ದಾ? ಇಷ್ಟು ವರ್ಷ ನಾನು ಸುಮ್ಕೆ ನಡ್ದು ಸತ್ತೆ!

ಪರದೆಯ ಹಿಂದಿನ ದನಿ ಬೆಣ್ಣೆಯಾಯಿತು.

— ಅಂದ್ರೆ ಡಾಕ್ಟ್ರು ಹೇಳಿದ್ದೂ ಕಿತಾಬಲ್ಲಿ ಇದ್ದೇ ಇರ್ತದೆ?

— ಇದ್ದೇ ಇರ್ತದೆ! ಕಸಮ್!

— ಚೌಡಣ್ಣ, ನೀವೇ ಸಾಕ್ಷಿ. ಹುಟ್ಟೋದು ಗಂಡೋ ಹೆಣ್ಣೋ ಅಂಬೋದು ಗಂಡಸಿನ ಬೀಜದಿಂದ್ಲೇ ತೀರ್ಮಾನ ಆಯ್ತದಂತೆ. ಹೆಂಗಸಿನ ಕೈಲಿ ಏನೂ ಇಲ್ವಂತೆ.

ಸುತ್ತಿಗೆ ಲಾಳದ ಮೊಳೆ ಬಿಟ್ಟು ಪೀರನ ಹೆಬ್ಬೆರಳಿಗೆ ಬಿತ್ತು.

— ಯಾ ಅಲ್ಲಾ! ಸುಳ್ಳು! ಆ ಡಾಕ್ಟ್ರಿಗೇನ್ ಗೊತ್ತು, ಮಣ್ಣು?

— ಸುಳ್ಳಾದ್ರೆ ಕಿತಾಬಲ್ಲಿ ಇಲ್ಲ ಅನ್ನಿ.

— ತೌಬಾ ತೌಬಾ! ಅಂಗ್ಯಾಕೆ ಅನ್ಲಿ?

— ಅಂಗಾದ್ರೆ ಐತೆ ಅನ್ನಿ.

ಎದ್ದು ಓಡೋಣವೆಂದರೆ ಎತ್ತಿನ ಕಾಲು ಕೈಯಲ್ಲಿ. ಪೀರ್ ಗೆಳೆಯನ ಮುಖ ನೋಡಿದ. ಚೌಡಯ್ಯ ಹಲ್ಲು ಕಿರಿದ.

— ಬೀಜ ನಿಂದು, ದೂರು ಹೊಲಕ್ಕಾ? ರಾಗಿ ಎರಚ್ಬುಟ್ಟು, ಭತ್ತ ಬರ್ನಿಲ್ಲ ಅಂತ ನಾಗಮಂಗಲದಲ್ಲಿ ಹೊಸ ಹೊಲ ನೋಡಕ್ಕೋಯ್ತೀಯಲ್ಲೋ, ಮಂಕೇ!

— ಮೌಲ್ವಿ ಸಾಬ್ರನ್ನೇ ಕೇಳ್ತೀನಿ!

— ಅವ್ರ ಬೀಬಿ ಕೈಲಿ ನಾನಾಗ್ಲೇ ಕೇಳ್ಸಿದೀನಿ. ಕಿತಾಬು ಡಾಕ್ಟ್ರ ಪುಸ್ತಕ ಅಲ್ಲವಂತೆ, ನಡತೆ ಕಲ್ಸೋದಂತೆ. ಅಲ್ಲಾಹು ತನಗೆ ಬೇಕಾದೋರಿಗೆ ಹೆಣ್ಣು ಕೊಡ್ತಾನೆ, ತನಗೆ ಬೇಕಾದೋರಿಗೆ ಗಂಡು ಕೊಡ್ತಾನೆ ಅಂತ ಅದರಲ್ಲಿ ಬಂದೈತಂತೆ. ನೋಡಿ, ಅಲ್ಲೂ ಹೆಣ್ಣಿನ ಮಾತೇ ಮೊದ್ಲು!

ಪೀರನಿಗೆ ಹೋದ ಜೀವ ಬಂದಂತಾಯಿತು.

— ಅದಪ್ಪಾ ಮಾತು! ಕೊಡೋನು ಅಲ್ಲಾಹು! ನನ್ನ ಬೀಜದ್ದೇನೂ ತಪ್ಪಿಲ್ಲ!

— ನನ್ನ ಹೊಟ್ಟೇದೂ ಇಲ್ಲ, ಅಂದಳು ಅಕ್ಬರಿ.

ಪೀರ್ ಕೊನೆಯ ಮೊಳೆ ಹೊಡೆದು ಹಗ್ಗ ಬಿಚ್ಚಿದ. ಎತ್ತು ಎದ್ದು ಮೈ ಕೊಡವಿತು.

— ಶುಕ್ರವಾರ ನಾಗಮಂಗಲಕ್ಕೆ ಮೋಟಾರು ಎಷ್ಟೊತ್ತಿಗ್ಲಾ? ಚೌಡಯ್ಯ ಕೆಣಕಿದ.

— ಯಾವ ನಾಗಮಂಗಲ? ಶುಕ್ರವಾರ ನಮಾಜು ಐತೆ, ಸುಮ್ಕಿರ್ಲಾ!

ಅಷ್ಟರಲ್ಲಿ ಕೂಸು ಕಿಟಾರನೆ ಕಿರುಚಿತು. ಗೋಣಿಪರದೆಯ ಸಂದಿಯಿಂದ ಬಳೆಯ ಕೈಗಳೆರಡು ಹೊರಬಂದು ಮಗುವನ್ನು ಪೀರನ ಮಡಿಲಿಗೆ ಹಾಕಿದವು.

— ಹಿಡ್ಕೊಳ್ಳಿ. ಕಿತಾಬಿನ ಪ್ರಕಾರ ಅಲ್ಲಾಹು ಕೊಟ್ಟಿದ್ದು, ಡಾಕ್ಟ್ರ ಪ್ರಕಾರ ನೀವು ಕೊಟ್ಟಿದ್ದು. ಇದರಲ್ಲಿ ನಂದೇನೂ ಇಲ್ವಲ್ಲ, ಇವತ್ತು ನೀವೇ ತೂಗಿ!