ಫ್ರೀಜರಿನಲ್ಲಿ ತಂಗಿದ ಕಸ

ಗಂಡಸಿನ ಮೊಣಕಾಲಿಗೆ ಈ ಮನೆಯಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂದು ಲೋ ಗ್ವಾಂಗ್ ಬಂಡೆದ್ದದ್ದು ಮೀನಿನ ತಲೆಗಳ ಚೀಲವನ್ನು ಕೈಯಲ್ಲಿ ಹಿಡಿದುಕೊಂಡೇ. ಶಿಂಚು ಊರಿನ ಆ ಹಳೇ ಕಟ್ಟಡಕ್ಕೆ ಲಿಫ್ಟಿಲ್ಲ; ಅವನ ಮನೆಯೋ ಐದನೇ ಮಹಡಿ. ಸಂಜೆಯಾದರೆ ಕಸದ ಲಾರಿ ಹಾಡು ಹಾಕಿಕೊಂಡು ಬರುತ್ತದೆ. ಚೀಲವನ್ನು ಬೀದಿಯಲ್ಲಿಟ್ಟು ಬರುವಂತಿಲ್ಲ, ಕಾದು ನಿಂತು ಕೈಯಾರೆ ಹಾಕಬೇಕು. ಅವನು ನಿವೃತ್ತನಾದ ಮರುದಿನವೇ ಹೆಂಡತಿ ಚ್ಯೂಮೇ ಈ ರಾಜಕಾರ್ಯವನ್ನು ಅವನಿಗೆ ದಯಪಾಲಿಸಿದ್ದಳು.

ಗ್ವಾಂಗ್ ಸಾಮಾನ್ಯ ಆಸಾಮಿಯಲ್ಲ. ಕಂಪ್ಯೂಟರಿನ ಹೊಟ್ಟೆಯೊಳಗೆ ಎಲ್ಲವನ್ನೂ ಜೋಪಾನವಾಗಿಡುವ ಎಸ್‌ಎಸ್‌ಡಿ ಎಂಬ ಡ್ರೈವಿನ ಆಯುಷ್ಯ ಹೆಚ್ಚಿಸುವುದೇ ಅವನ ಕಸುಬಾಗಿತ್ತು. ಬರೆದಷ್ಟೂ ಆ ಡ್ರೈವು ಸವೆಯುತ್ತದಂತೆ. ಒಂದಕ್ಷರ ತಿದ್ದಿದರೂ ಸುತ್ತಲಿನ ರಾಶಿಯನ್ನೇ ಅಳಿಸಿ ಬರೆಯಬೇಕಾದೀತಂತೆ. ಅದಕ್ಕೇ ಚಿಲ್ಲರೆ ಬರಹವನ್ನೆಲ್ಲ ಮೊದಲು ಕ್ಯಾಶ್ ಎಂಬ ಚುರುಕು ಮೆಮೊರಿಯಲ್ಲಿ ತಂಗಿಸಿ (ದುಡ್ಡಿನ ಕ್ಯಾಶ್ ಅಲ್ಲ, ಅದು ಚ್ಯೂಮೇಯ ಸುಪರ್ದಿಯಲ್ಲಿದೆ), ಒಟ್ಟಾದ ಮೇಲೆ ಒಂದೇ ಸಲ ಡ್ರೈವಿಗಿಳಿಸಿದರೆ ಕೆಲಸವೂ ಚುರುಕು, ಡ್ರೈವೂ ದೀರ್ಘಾಯು.

"ಮೊಣಕಾಲೂ ಡ್ರೈವೇ," ಎಂದು ಅವನು ಘೋಷಿಸಿದ. "ಇನ್ಮೇಲೆ ಫ್ರೀಜರೇ ನನ್ನ ಕ್ಯಾಶ್. ಅದು ತುಂಬೋವರೆಗೂ ಒಂದು ಮೆಟ್ಟಿಲೂ ಇಳಿಯಲ್ಲ. ಯಾರು ಹೇಳಿದ್ರೂ ಇಳಿಯಲ್ಲ."

ಕರೆಂಟು ಹೋದರೆ ಏನು ಗತಿ ಎಂದು ಅವಳು ಕೇಳಿದಳು. ಕರೆಂಟು ಹೋದರೆ ಕ್ಯಾಶಿನಲ್ಲಿ ತಂಗಿದ್ದೆಲ್ಲ ಮಾಯವಾಗುವುದರಿಂದ ಇದೇ ಪ್ರಶ್ನೆಗೆ ದೊಡ್ಡ ದೊಡ್ಡ ಎಂಜಿನಿಯರುಗಳು ಬೆವರಿದ್ದುಂಟು (ಅವನೂ ಸೇರಿದಂತೆ). ಹೋಗುವುದಿಲ್ಲ ಎಂದುಬಿಟ್ಟ. ಹಾಗಾದರೆ ತಾನೂ ಕಸ ಇಳಿಸುವುದಿಲ್ಲ, ನೋಡೇಬಿಡೋಣ ಎಂದಳು ಅವಳು. "ಆದ್ರೆ ರೀ, ನನ್ನ ಕೋಳಿ ಮೇಲೆ ನಿಮ್ಮ ಸಿಪ್ಪೆ ಕೂತ್ರೆ ನಿಮ್ಮನ್ನೂ ಅಲ್ಲೇ ತಂಗಿಸ್ತೀನಿ."

ಮೀನಿನ ಮುಳ್ಳು, ಕಳಲೆಯ ಸಿಪ್ಪೆ, ಚಹಾದ ಚರಟ ಎಲ್ಲ ಫ್ರೀಜರಿನಲ್ಲಿ ಹೆಪ್ಪುಗಟ್ಟಿ ಕೂತವು. ಲಾರಿಯ ಹಾಡು ಕೇಳಿಸಿದಾಗ ಗ್ವಾಂಗ್ ಕಿಟಕಿಯಲ್ಲಿ ನಿಂತು, ಅಯ್ಯೋ ಪಾಪ, ಎಷ್ಟು ಸವೆಯುತ್ತಿದ್ದಾರೆ ಎಂದು ಮರುಗುತ್ತಿದ್ದ. ಕೆಳಗಿನವರು ತಲೆಯೆತ್ತಿದರೆ ಗಂಭೀರವಾಗಿ ಕೈ ಎತ್ತುತ್ತಿದ್ದ.

ಕೆಳಗಿನಿಂದ ನೋಡಿದವರಿಗೆ ಅದು ಬೇರೆಯೇ ಥರ ಕಂಡಿತು. ಆ ಓಣಿಯಲ್ಲಿ ಲಾರಿ ಕಾಯುವ ಹೊತ್ತಿಗೆ ಕಾಣಿಸದವನು ಹಾಸಿಗೆ ಹಿಡಿದಿದ್ದಾನೆ ಎಂದೇ ಲೆಕ್ಕ. ಮಾರ್ಕೆಟ್ಟಿನಲ್ಲಿ ಯಾರೋ ವಿಚಾರಿಸಿದ್ದಕ್ಕೆ ಚ್ಯೂಮೇ ನಿಜವನ್ನೇ ಹೇಳಿದಳು: ಕೆಳಗಿಳಿಯುವುದಿಲ್ಲ, ಮೊಣಕಾಲು ಉಳಿಸಿಕೊಳ್ಳುತ್ತಿದ್ದಾರೆ. ಮಿಕ್ಕದ್ದನ್ನು ಓಣಿಯೇ ಪೂರ್ತಿ ಮಾಡಿಕೊಂಡಿತು.

ಎಂಬತ್ತು ದಾಟಿದ ಎರಡನೇ ಮಹಡಿಯ ಫಾನ್ ಅಜ್ಜಿ ಶುಂಠಿ ಹಾಕಿದ ಕೋಳಿ ಸಾರಿನ ಪಾತ್ರೆ ಹಿಡಿದು ಮೇಲೆ ಬಂದಳು. ಹಿಂದೆ ಅರ್ಧ ಓಣಿ. ನನಗೇನೂ ಆಗಿಲ್ಲ ಎಂದು ತೋರಿಸಲು ಗ್ವಾಂಗ್ ಅಲ್ಲೇ ಒಂದು ಬಸ್ಕಿ ಹೊಡೆದ. ಮೊಣಕಾಲು ಕಟಕ್ ಎಂದಿತು. ಬಡಿಸಿ ಉಳಿದ ಸಾರನ್ನು ಎತ್ತಿಡುತ್ತೇನೆಂದು ಅಜ್ಜಿ, ಅವನು ಅಡ್ಡ ಬರುವ ಮೊದಲೇ, ಫ್ರೀಜರನ್ನು ತೆರೆದೇಬಿಟ್ಟಳು.

"ಇದೇನು ಮಗಾ?"

"ಕ್ಯಾಶ್," ಎಂದ ಗ್ವಾಂಗ್, ಎದೆ ಸೆಟೆಸಿ. ಡ್ರೈವು ಹೇಗೆ ಸವೆಯುತ್ತದೆ, ಬರಹವನ್ನು ಯಾಕೆ ತಂಗಿಸಬೇಕು, ಮೀನಿನ ತಲೆಗೂ ಅದಕ್ಕೂ ಏನು ಸಂಬಂಧ ಎಂದೆಲ್ಲ ಬಿಡಿಸಿ ಹೇಳಿದ. ಹೇಳಿದಷ್ಟೂ ಜನರ ಮುಖ ಮರುಕದಿಂದ ಕರಗುತ್ತ ಬಂತು.

ಅಜ್ಜಿ ಚ್ಯೂಮೇಯತ್ತ ತಿರುಗಿ ದನಿ ತಗ್ಗಿಸಿ ಕೇಳಿದಳು. "ಯಾವಾಗಿಂದ ಹೀಗೆ?"

"ರಿಟೈರ್ ಆದಾಗಿಂದ ಅಜ್ಜಿ," ಎಂದಳು ಚ್ಯೂಮೇ, ನಗು ಬಾರದಂತೆ ತುಟಿ ಕಚ್ಚಿಕೊಂಡು.

ಕೆಟ್ಟಿರುವುದು ಕಾಲಲ್ಲ, ಒಬ್ಬನೇ ಕೂತು ಕೂತು ತಲೆ ಎಂದು ಅಜ್ಜಿ ತೀರ್ಪು ಕೊಟ್ಟಳು. ದಿನಾ ನಡೆದಾಡಿದರೆ ಸರಿಹೋಗುತ್ತದಂತೆ. ಈಗ ಹಾಡು ಕೇಳಿಸುವ ಮೊದಲೇ ಅವಳು ಏದುಸಿರು ಬಿಡುತ್ತ ಐದನೇ ಮಹಡಿಗೆ ಹತ್ತಿ ಬರುತ್ತಾಳೆ. ಹೆಂಡತಿಗಾದರೆ ಎದುರಾಡಬಹುದು, ತನಗಾಗಿ ಅಷ್ಟು ಮೆಟ್ಟಿಲು ಹತ್ತಿ ಬಂದ ಮುದುಕಿಗೆ ಹೇಗೆ ಎದುರಾಡುವುದು? ಒಂದು ಕೈ ಅಜ್ಜಿಯ ಮುಷ್ಟಿಯಲ್ಲಿ, ಇನ್ನೊಂದರಲ್ಲಿ ತನ್ನ ಚೀಲವೂ ಅವಳ ಚೀಲವೂ. ಕೆಳಗೆ ನಿಂತವರಿಗೆಲ್ಲ ಗ್ವಾಂಗ್ ತಲೆಯೆತ್ತಿ ಹೇಳುತ್ತಾನೆ:

"ತತ್ವ ಸರಿಯಾಗೇ ಇದೆ."

"ಹೌದಪ್ಪ, ಹೌದು," ಎಂದು ಎಲ್ಲರೂ ಮೆತ್ತಗೆ ತಲೆಯಾಡಿಸಿ, ಅವನನ್ನೇ ಮುಂದೆ ಬಿಡುತ್ತಾರೆ.