ಬುಕ್ಕಾಪಟ್ಟಣದ ಕಾಲಿಗೆ ಫಿನ್ಲೆಂಡಿನ ಮೂರಕ್ಷರ

ಫಿನ್ಲೆಂಡಿನ ಮೂಳೆ ವಿಭಾಗದ ವೈದ್ಯ ಮಹಾಶಯರ ದಿವ್ಯ ಸನ್ನಿಧಿಗೆ,

ಮಾನ್ಯರೇ, ಮಧುಗಿರಿಯಿಂದ ರಾಧಾಮಣಿಯ ಅನಂತ ನಮಸ್ಕಾರಗಳು. ತಾವೂ, ತಮ್ಮ ಲೇಖನಿಯ ಮಿತವ್ಯಯವೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ದೇಶದ ವೃದ್ಧಾಶ್ರಮವೊಂದರಲ್ಲಿ ಒಂಬತ್ತು ವರ್ಷ ದುಡಿದು ಭಾಷೆ ಕಲಿತ ನಾನು ಈಗ ಊರಲ್ಲೇ ಕುಳಿತು ಫಿನ್ನಿಷ್ ವೈದ್ಯಕೀಯ ವರದಿಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತೇನೆ. ಅಂದರೆ ತಾವು ನುಂಗಿದ ಅಕ್ಷರಗಳನ್ನು ಹೊರಗೆಳೆಯುವುದೇ ನನ್ನ ಕಸುಬು.

ಬುಕ್ಕಾಪಟ್ಟಣದ ಮುತ್ತುರಾಜು ತಮ್ಮ ದೇಶದ ಕುರಿ ಫಾರಂನಲ್ಲಿ ದುಡಿಯುವಾಗ ಏಣಿಯಿಂದ ಬಿದ್ದು, ತಮ್ಮಿಂದ ಕಾಲಿಗೆ ರಾಡು ಹಾಕಿಸಿಕೊಂಡು ಜೂನ್ ಕೊನೆಗೆ ಊರಿಗೆ ಬಂದ. ತಾವು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಂದಿದ್ದಾನೆ, ತಿಳಿದದ್ದು ಮಾತ್ರ ಏನೂ ಇಲ್ಲ. ವರದಿ ಇಂಗ್ಲಿಷಿನಲ್ಲಿ ಕೈಗೆ ಬರುವವರೆಗೆ ಕಾಲೂರಬೇಡ ಎಂದರು ಶಿರಾದ ಡಾಕ್ಟರು. ಹಾಗೆ ವರದಿ ನನ್ನ ಕೈಗೆ ಬಂತು. ತಾವಾದರೋ, ಆತ ಆಸ್ಪತ್ರೆಯಲ್ಲಿ ಕುಡಿದ ಗಂಜಿಯನ್ನು ಒಂದಿಡೀ ಸಾಲಿನಲ್ಲಿ ವರ್ಣಿಸಿ, ಕಾಲೂರಬಹುದೇ ಬಾರದೇ ಎಂಬಲ್ಲಿ ಮಾತ್ರ ಮೂರಕ್ಷರದ ಸಂಕ್ಷೇಪ ಬರೆದು ಚುಕ್ಕಿಯಿಟ್ಟಿದ್ದೀರಿ. ಆ ಸಂಯಮಕ್ಕೆ ಶರಣು! ಆ ಮೂರಕ್ಷರ ಯಾವ ನಿಘಂಟಿನಲ್ಲೂ ಸಿಗಲಿಲ್ಲ. ತಮ್ಮ ವಾರ್ಡಿನ ಹೊಸ್ತಿಲನ್ನೇ ದಾಟದ ಮರ್ಯಾದಸ್ಥ ಅಕ್ಷರಗಳಿರಬೇಕು. ಊಹಿಸಿ ಬರೆಯಲು ಅದು ನನ್ನ ಕಾಲಲ್ಲ. ಅನುವಾದದಲ್ಲಿ ಆ ಜಾಗಕ್ಕೆ ‘ಅರ್ಥ ಸ್ಪಷ್ಟವಿಲ್ಲ’ ಎಂದು ಬರೆದು, ಅರ್ಥ ಕೇಳಿ ತಮಗೆ ಇ-ಮೇಲ್ ಮಾಡಿದೆ. ಆಗಸ್ಟಿನವರೆಗೆ ತಾವು ರಜೆಯಲ್ಲಿದ್ದೀರೆಂಬ ಯಂತ್ರದ ಉತ್ತರ, ಒಂದಕ್ಷರವೂ ಮೊಟಕಾಗದೆ, ಆ ಕ್ಷಣವೇ ಬಂತು.

ಇತ್ತ ಮುತ್ತುರಾಜುವಿನ ತಾಯಿ ಕದರಮ್ಮನವರ ಸಂಗತಿ ಕೇಳಿ. ನಮ್ಮ ಕಡೆ ಕೆಟ್ಟ ಸುದ್ದಿಯನ್ನು ಯಾರೂ ಪೂರ್ತಿ ಹೇಳುವುದಿಲ್ಲ. ಜೀವ ಹೋದ ಮೇಲೂ ನೆಂಟರಿಗೆ ‘ಸ್ವಲ್ಪ ಹುಷಾರಿಲ್ಲ, ಬೇಗ ಬನ್ನಿ’ ಎಂದೇ ಫೋನು ಹೋಗುವುದು. ಆದ್ದರಿಂದ ಆಕೆ, “ಅರ್ಧಕ್ಕೆ ನಿಲ್ಸವ್ರೆ ಅಂದ್ರೆ ನಾವೇ ತಿಳ್ಕಬೇಕು ಕಣಮ್ಮ, ಕಾಲು ಹೋಯ್ತು ಅಂತ ಬಾಯ್ಬುಟ್ಟು ಹೇಳಕ್ಕಾಯ್ತದಾ?” ಎಂದು ಕಣ್ಣೀರಿಟ್ಟು, ನಾಗಲಮಡಿಕೆ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು, ಆಳೆತ್ತರದ ಮಗನನ್ನು ಬಚ್ಚಲಿಗೂ ಹೆಗಲು ಕೊಟ್ಟು ಕರೆದೊಯ್ಯುತ್ತಿದ್ದಾರೆ. ಇಂದಿಗೆ ನಲವತ್ತೊಂದು ದಿನ. ಅದನ್ನು ಕಂಡು ಬಂದ ದಿನ ನನಗೆ ಊಟ ಸೇರಲಿಲ್ಲ.

ಆದಕಾರಣ ಬೇಡಿಕೊಳ್ಳುವುದೇನೆಂದರೆ, ಮುಂದಿನ ರಜೆಯನ್ನು ತಾವು ಬುಕ್ಕಾಪಟ್ಟಣದಲ್ಲೇ ಕಳೆಯಬೇಕು. ‘ಮಗ ಹೇಗಿದ್ದಾನೆ’ ಎಂದು ಕದರಮ್ಮನವರನ್ನು ಒಮ್ಮೆ ಕೇಳಿ ನೋಡಿ. ಬಾಣಂತನದಿಂದ ಶುರುಮಾಡಿ, ಎರಡನೇ ಲೋಟ ಮಜ್ಜಿಗೆ ಮುಗಿಯುವಷ್ಟರಲ್ಲಿ ಅವನಿಗೆ ಹಲ್ಲು ಬಂದ ತಿಂಗಳಿಗೆ ತಲುಪಿರುತ್ತಾರೆ. ದಯವಿಟ್ಟು ಎದ್ದು ಹೋಗಬೇಡಿ. ಅಲ್ಲಿಯತನಕ ಸಹಿಯನ್ನಾದರೂ ಪೂರ್ತಿ ಮಾಡುವ ಕೃಪೆಯಾಗಲಿ. ತಾವು ಹೆಸರನ್ನೂ ಎರಡಕ್ಷರಕ್ಕೆ ಇಳಿಸಿರುವುದರಿಂದ ಬೈಯುವವರಿಗೆ ತೊಂದರೆಯಾಗುತ್ತಿದೆ.

ತಮ್ಮ ಚುಕ್ಕಿಗಳ ನಡುವೆ ಕಣ್ಣು ಸವೆಸಿಕೊಂಡೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ರಾಧಾಮಣಿ

ವಿಶೇಷ ಸೂಚನೆ (ಪೂರ್ತಿಯಾಗಿಯೇ ಬರೆದಿದ್ದೇನೆ): ಈ ಪತ್ರ ಕಳಿಸುವಷ್ಟರಲ್ಲಿ ತಮ್ಮ ಉತ್ತರ ಬಂತು. ಆ ಮೂರಕ್ಷರಕ್ಕೆ ‘ಮೊದಲ ದಿನದಿಂದಲೇ ಕಾಲೂರಿ ನಡೆಯಲಿ’ ಎಂದರ್ಥವಂತೆ. ಮುತ್ತುರಾಜು ಈಗ ಗೋಡೆ ಹಿಡಿದು ನಡೆಯುತ್ತಿದ್ದಾನೆ, ಕಾಲು ಸೊರಗಿದೆ. ಕದರಮ್ಮನವರು ಕೇಳಿದ್ದು ಒಂದೇ ಮಾತು: “ಒಳ್ಳೆ ಸುದ್ದೀನ ಪೂರ್ತಿ ಹೇಳಕ್ಕೆ ಆವಯ್ಯಂಗೆ ಏನ್ ಕಷ್ಟ ಆಗಿತ್ತಂತೆ?” ಅದನ್ನು ಒಂದಕ್ಷರವೂ ಬಿಡದೆ ಫಿನ್ನಿಷಿಗೆ ಅನುವಾದಿಸಿ ಇದರೊಂದಿಗೆ ಲಗತ್ತಿಸಿದ್ದೇನೆ.