ರಾಯಚರ್ಲಿನ ಫೋನಿನಲ್ಲಿ ನನ್ನ ಮೀಸೆ

"ಮಧುಗಿರಿಗೆ ಯಾವ ಕಡೆ ಹೋಗ್ಬೇಕಮ್ಮಾ?" ಎಂದು ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಾಗ ನಾನು ಅದೇ ಸೋಲಾರ್ ಪಾರ್ಕಿನ ಬೇಲಿಯನ್ನು ಮೂರನೇ ಸಲ ಸುತ್ತುತ್ತಿದ್ದೆ. ದಾರಿ ತಪ್ಪುವುದು ನನಗೆ ಹೊಸದಲ್ಲ. ತಪ್ಪಿದ ದಾರಿಯಲ್ಲಿ ಒಂದು ಮರ್ಯಾದೆಗೇಡು ಕಾದು ಕೂತಿರುವುದೂ ಹೊಸದಲ್ಲ.

೧. ರಾಯಚರ್ಲು ಹತ್ತಿರ

ಬೇಲಿ ಪಕ್ಕ ಕುರಿ ಮೇಯಿಸುತ್ತಿದ್ದ ಹೆಂಗಸು ಯೋಚನೆ ಮಾಡಿ, "ಮೊದ್ಲಾಗಿದ್ರೆ ಹುಣ್ಸೆಮರದ ತಾವ ತಿರುಕ್ಕಳಿ ಅಂತಿದ್ದೆ ಕಣಕ್ಕಾ. ಈಗ ಯಾವ್ ಪ್ಯಾನೆಲ್ ತಾವ ಅಂತ ಹೇಳ್ಲಿ?" ಎಂದಳು. ನನ್ನ ಫೋನು ಚಾರ್ಜ್ ಮುಗಿದು ಮಲಗಿತ್ತು. ಅವಳೇ ತನ್ನದನ್ನು ಕೊಟ್ಟಳು. "ಪರ್ವಾಲೇದು, ನೋಡ್ಕಳಿ. ಸವೆದೋಗಲ್ಲ."

ಮಧುಗಿರಿಯ ನಮ್ಮಕ್ಕನಿಗೆ ಕರೆ ಮಾಡಿ, ತಡವಾಗುತ್ತೆ ಎಂದೆ. ದಾರಿ ನೋಡಿಕೊಂಡೆ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಹತ್ತಾರು ದೇಶ ಸುತ್ತಿ ನಾನು ಸಂಪಾದಿಸಿದ ಬುದ್ಧಿ ಒಂದೇ: ನಾಚಿಕೆಯ ವಿಷಯವನ್ನು ಸ್ವಂತ ಫೋನಿಗೆ ಕೇಳಬಾರದು. ಒಂದು ಸಲ ಕೇಳಿದರೆ ಆರು ತಿಂಗಳು ಜಾಹೀರಾತು ಬೆನ್ನು ಬಿಡುವುದಿಲ್ಲ. ಹಾಗಾಗಿ ನನ್ನ ಗೊರಕೆಯ ಸಮಾಚಾರ ಹನೋಯ್‌ನ ಹೋಟೆಲಿನ ಕಂಪ್ಯೂಟರಿಗೆ ಗೊತ್ತು, ಮೂಲವ್ಯಾಧಿಯದು ನೈರೋಬಿಯ ಒಂದು ಗ್ರಂಥಾಲಯಕ್ಕೆ. ನನ್ನ ಫೋನಿನ ಲೆಕ್ಕದಲ್ಲಿ ನಾನು ಪೂರ್ಣ ಆರೋಗ್ಯವಂತೆ.

ಐವತ್ತು ದಾಟಿದ ಮೇಲೆ ನನ್ನ ಮೇಲ್ದುಟಿಗೆ ಹೊಸ ಉತ್ಸಾಹ ಬಂದಿತ್ತು. ಅವಳು ಚದುರಿದ ಕುರಿ ಅಟ್ಟಿಕೊಂಡು ಬರುವಷ್ಟರಲ್ಲಿ ಟೈಪ್ ಮಾಡಿದೆ: ‘ನೋವಾಗದ ಹಾಗೆ ಮೀಸೆ ಬೇರುಸಮೇತ ಕೀಳುವುದು ಹೇಗೆ?’ ಓದಿಕೊಂಡು, ಫೋನ್ ಹಿಂದಿರುಗಿಸುವ ಮುಂಚೆ ಎಚ್ಚರಿಕೆಯಿಂದ ಅಳಿಸಿಯೂ ಕೊಟ್ಟೆ. ಅವಸರದಲ್ಲಿ ನಾನು ಅಳಿಸಿದ್ದು ಮಧುಗಿರಿಯ ದಾರಿಯನ್ನು ಎಂದು ಆಮೇಲೆ ತಿಳಿಯಿತು.

೨. ಕೊರಟಗೆರೆ ಬಸ್ಸು

ಮಾರನೇ ವಾರ ಅಕ್ಕನೂ ನಾನೂ ಕೊರಟಗೆರೆಯಿಂದ ಮಧುಗಿರಿಗೆ ಬಸ್ಸಿನಲ್ಲಿ ಬರುತ್ತಿದ್ದೆವು. ಅಕ್ಕ ನಿವೃತ್ತ ಟೀಚರು. ನನ್ನ ಕಥೆ ಕೇಳಿ, "ಊರವರ ಫೋನ್ ಯಾಕೆ ಹಾಳು ಮಾಡ್ತೀಯೇ? ಗುಟ್ಟಾಗಿ ಹುಡುಕೋಕೆ ಅಂತಲೇ ಒಂದು ಕಿಟಕಿ ಇದೆ, ಟೋಪಿ ಕನ್ನಡಕದ ಗುರುತು ಇರುತ್ತೆ. ತೋರಿಸ್ತೀನಿ ತಾಳು" ಎಂದು ತನ್ನ ಫೋನ್ ತೆಗೆದಳು.

ತನ್ನ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಳು, ಟೈಪ್ ಮಾಡಲಾಗಲಿಲ್ಲ. ಮೈಕ್ ಒತ್ತಿ, ಬಸ್ಸಿನ ಸದ್ದನ್ನೂ ಮೀರಿಸಿ, ನಾಲ್ಕನೇ ಕ್ಲಾಸಿಗೆ ಪಾಠ ಹೇಳುವ ದನಿಯಲ್ಲಿ ಕೇಳಿದಳು: "ನನ್ನ ತಂಗಿಗೆ ಮೀಸೆ ಬಂದಿದೆ. ಏನು ಮಾಡಬೇಕು?"

ಫೋನು ಬಾಯಿ ಬಿಡುವ ಮೊದಲೇ ಕಂಡಕ್ಟರು, "ಕಡ್ಲೆಹಿಟ್ಟು ಅರಿಶಿಣ ಹಚ್ಚಿ ಅಮ್ಮಾ" ಎಂದ. "ಅದ್ಕೆಲ್ಲ ಎಲ್ಲೋಯ್ತದೆ, ದಾರದಲ್ಲಿ ಕೀಳಿಸ್ಬೇಕು" ಎಂದಿತು ಹಿಂದಿನ ಸೀಟು. ಎಲ್ಲರೂ ಒಮ್ಮತಕ್ಕೆ ಬರುವ ಹೊತ್ತಿಗೆ ಮಧುಗಿರಿ ಬಂತು. ಅಕ್ಕ ಫೋನಿನ ಗುಟ್ಟಿನ ಕಿಟಕಿ ಮುಚ್ಚಿ, ನೆಮ್ಮದಿಯಿಂದ ಹೇಳಿದಳು: "ನೋಡು, ಈಗ ನಾನು ಏನು ಕೇಳ್ದೆ ಅಂತ ಲೋಕದಲ್ಲಿ ಒಬ್ರಿಗೂ ಗೊತ್ತಾಗಲ್ಲ."

೩. ಮಧುಗಿರಿ, ಅಕ್ಕನ ಮನೆ

ಅಂದೇ ಸಂಜೆ, ಅವತ್ತು ನಾನು ಮಾಡಿದ್ದ ನಂಬರು ಹಿಡಿದು, ಅಕ್ಕನ ಫೋನಿಗೆ ಆ ಕುರಿಯ ಹೆಂಗಸಿನ ಕರೆ ಬಂತು. ಅಕ್ಕ ಫೋನನ್ನು ನನ್ನ ಕೈಗಿತ್ತಳು.

"ಅಕ್ಕಾ, ಅವತ್ತು ನನ್ ಫೋನಲ್ಲಿ ಏನ್ ನೋಡಿದ್ರಿ?"

"ದಾರಿ."

"ದಾರಿಗೂ ಮೀಸೆಗೂ ಏನಕ್ಕಾ ಸಂಬಂಧ?"

ಅವಳ ಫೋನ್ ತೆಗೆದರೆ ಸಾಕು, ಮೀಸೆ ಕೀಳುವ ಕ್ರೀಮು, ಮೀಸೆ ಕೀಳುವ ಮಿಷನ್ನು. ಅವಳ ಗಂಡ ಅದನ್ನು ಕಂಡುಬಿಟ್ಟಿದ್ದ. ಆತನಿಗೋ ಕಿವಿ ಮುಟ್ಟುವ ಮೀಸೆ, ಇಪ್ಪತ್ತು ವರ್ಷ ಸಾಕಿದ್ದು.

"ನನ್ ಮೀಸೆ ಮ್ಯಾಲೆ ಕಣ್ಣಾಕಿದೀಯ ಅಂತಾನೆ. ನಾನಲ್ಲ ಅಂದ್ರೆ ನಂಬಾಕಿಲ್ಲ. ಮೂರು ದಿನ ಹೆಲ್ಮೆಟ್ ಹಾಕ್ಕಂಡು ಮಲಗ್ದ. ಈಗ ಶಿರಾದಾಗೆ ತಂಗಿ ಮನೆಗೆ ಹೋಗ್ಬುಟ್ಟವ್ನೆ, ಬರಾಕಿಲ್ಲ ಅಂತಾನೆ. ಒಬ್ಳೇ ನಲ್ವತ್ತು ಕುರಿ ಹೆಂಗೆ ಕಾಯ್ಲಿ?"

"ಬೈಕಿನಲ್ಲಿ ಹೋದರಾ?" ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ.

"ಬೈಕು ಇಲ್ಲೇ ಬುಟ್ಟವ್ನೆ ಕಣಕ್ಕಾ. ಹೆಲ್ಮೆಟ್ ತಗಂಡೋಗವ್ನೆ."

೪. ಶಿರಾ

ಮರುದಿನ ಶಿರಾಕ್ಕೆ ಹೋದೆ. ಆತ ತಂಗಿಯ ಮನೆಯ ಜಗಲಿಯಲ್ಲಿ ಮೀಸೆಗೆ ಎಣ್ಣೆ ತಿಕ್ಕುತ್ತಿದ್ದ.

"ಅದನ್ನ ಹುಡುಕಿದ್ದು ನಾನು. ನಿಮ್ಮ ಹೆಂಡ್ತಿದು ಏನೂ ತಪ್ಪಿಲ್ಲ" ಎಂದೆ.

"ಬುಡಿ ಅಮ್ಮಾ. ಓದ್ದೋರು ನೀವು, ನಿಮಗ್ಯಾಕೆ ಮೀಸೆ ಉಸಾಬರಿ? ಅವ್ಳೇ ಹೇಳ್ಕೊಟ್ಟು ಕಳ್ಸವ್ಳೆ."

ಮೂರು ಖಂಡಗಳಲ್ಲಿ ಮುಚ್ಚಿಟ್ಟಿದ್ದನ್ನು ಶಿರಾದಲ್ಲಿ ಬಿಚ್ಚುವುದು ಬಿಟ್ಟು ಬೇರೆ ದಾರಿ ಉಳಿಯಲಿಲ್ಲ. ಧೂಳಿಗೆಂದು ಮುಖಕ್ಕೆ ಸುತ್ತಿದ್ದ ದುಪಟ್ಟಾ ಇಳಿಸಿದೆ. "ನಂದೇ ಇದೆ. ನೋಡಿ."

ಆತ ನೋಡಿದ. ತಂಗಿಯನ್ನು ಕರೆದ. ತಂಗಿ ಪಕ್ಕದ ಮನೆಯವರನ್ನು ಕರೆದಳು. ಕೊನೆಗೆ ಆತ ಶೇಂಗಾ ಪೈರು ನೋಡುವವನ ಹಾಗೆ ಕತ್ತು ಓರೆ ಮಾಡಿ, "ಬಲಗಡೆ ಚೆನ್ನಾಗ್ ಬಂದೈತೆ. ಎಡಗಡೆ ವಸಿ ತೆಳ್ಳಗೈತೆ. ಕೀಳ್ಬ್ಯಾಡಿ ಅಮ್ಮಾ, ಹರಳೆಣ್ಣೆ ಹಚ್ಚಿ" ಎಂದು ತನ್ನ ಎಣ್ಣೆ ಬಟ್ಟಲನ್ನೇ ನನ್ನ ಮುಂದಕ್ಕೆ ಸರಿಸಿದ.

"ಮನೆಗೆ ಹೋಗ್ತೀರಾ?"

"ಹೋಯ್ತೀನಿ. ಆದ್ರೆ ಅವ್ಳೂ ಇದನ್ನ ನೋಡ್ಬೇಕು. ಇಲ್ದಿದ್ರೆ ಸುಮ್‌ಸುಮ್ನೆ ಸೋತು ಬಂದ ಅಂತಾಳೆ."

ವಿಡಿಯೋ ಕಾಲ್ ಹಚ್ಚಿದ. ಅಲ್ಲಿ ಅವಳ ಮುಖ, ಹಿಂದೆ ಕುರಿಗಳ ಮುಖ. ಅವಳು ಕಣ್ಣು ಕಿರಿದು ಮಾಡಿ, "ಬರೀ ಕತ್ಲೆ ಅಕ್ಕಾ, ಏನೂ ಕಾಣ್ತಿಲ್ಲ. ಒಸಿ ಬಿಸ್ಲಿಗೆ ಬನ್ನಿ" ಎಂದಳು.

ಅವಳ ಋಣ ನನ್ನ ಮೇಲಿತ್ತು. ಜಗಲಿ ಇಳಿದು, ಶಾಲೆ ಬಿಟ್ಟ ಮಕ್ಕಳು, ತರಕಾರಿ ಗಾಡಿ, ಆಟೋ ಎಲ್ಲ ಸಾಲಾಗಿ ನಿಂತು ನೋಡುತ್ತಿದ್ದ ಬೀದಿಯ ನಡುವೆ, ಮೂತಿಯನ್ನು ಬಿಸಿಲಿಗೆತ್ತಿ, ಅವಳು "ಸಾಕು ಅಕ್ಕಾ, ಕಾಣಿಸ್ತು" ಎನ್ನುವ ತನಕ ನಿಂತೆ.